ಬೆಲೆ ಹೇಳುವಾಗ ಗಂಟಲು ಕಟ್ಟಿದರೆ: ಕೊಡಗಿನಲ್ಲಿ ನಿಯತ್ತಿನ ವ್ಯಾಪಾರ ಶುರು ಮಾಡುವವರಿಗೆ

2019ರ ಜನವರಿ. ಶನಿವಾರಸಂತೆಯಲ್ಲಿ ಪರಿಚಯದವರ ಅಂಗಡಿ ಮುಂದೆ ಸಣ್ಣ ಮೇಜು ಹಾಕಿಕೊಂಡು ನಿಂತಿದ್ದೆ. ಮೇಜಿನ ಮೇಲೆ ನಮ್ಮ ತೋಟದ ಕಾಫಿ ಪುಡಿ, ಒಟ್ಟು 12 ಪ್ಯಾಕೆಟ್. ಒಬ್ಬರು ಬಂದು, "ಕಾಲು ಕಿಲೋಗೆ ಎಷ್ಟಕ್ಕಾ?" ಅಂದರು. ಮನೆಯಲ್ಲಿ ಲೆಕ್ಕ ಹಾಕಿ ಬರೆದುಕೊಂಡು ಬಂದಿದ್ದು 130 ರೂಪಾಯಿ. ಬಾಯಿಂದ ಬಂದದ್ದು 100. ಅವರು ಚೌಕಾಸಿಯನ್ನೇ ಮಾಡಿರಲಿಲ್ಲ. ನಾನೇ ಇಳಿಸಿಬಿಟ್ಟಿದ್ದೆ.

ಬಸ್ಸಿನಲ್ಲಿ ಮನೆಗೆ ಬರುವಾಗ ಯಾಕೋ ತುಂಬಾ ಬೇಜಾರಾಯಿತು. ಆ ವರ್ಷ ಕಾಯಿ ಬಿಟ್ಟು ಹಣ್ಣನ್ನು ಮಾತ್ರ ಕೊಯ್ಯಬೇಕು ಅಂತ ಕೆಲಸದ ಹೆಂಗಸರಿಗೆ ಹೇಳಿದ್ದೆ. ಹಾಗೆ ಆರಿಸಿ ಕೊಯ್ದರೆ ದಿನಕ್ಕೆ ಕೊಯ್ಯುವ ತೂಕ ಕಡಿಮೆಯಾಗುತ್ತದೆ. ಅದಕ್ಕೆ ಕೂಲಿ ಜಾಸ್ತಿ ಕೊಡುತ್ತೇನೆ ಅಂತಲೂ ಒಪ್ಪಿಕೊಂಡಿದ್ದೆ. ನಾನು ಬಿಟ್ಟುಕೊಟ್ಟ 30 ರೂಪಾಯಿಯೊಳಗೆ ಆ ಕೂಲಿ ಇತ್ತು. ನನಗೆ ಅವತ್ತು ಅರ್ಥವಾಗಿದ್ದು ಇಷ್ಟು: ಅಳುಕು ಬಂದಾಗ ನಾವು ಮೊದಲು ಬಿಟ್ಟುಕೊಡುವುದು ನಾವೇ ದೊಡ್ಡದು ಅಂತ ಹೇಳಿಕೊಂಡಿದ್ದ ಮಾತನ್ನು.

ಕಾಫಿ ಪುಡಿ, ಜೇನು, ಕರಿಮೆಣಸು, ಕಾಚಂಪುಳಿ (ಅಡುಗೆಗೆ ಹಾಕುವ ನಮ್ಮ ಕಪ್ಪು ಹುಳಿ), ಹೋಂಸ್ಟೇ, ಯಾವುದಾದರೂ ಸರಿ. ಮೋಸ ಮಾಡದೆ, ದುಡಿದವರ ಕೂಲಿ ಹಿಡಿಯದೆ ವ್ಯಾಪಾರ ಮಾಡಬೇಕು ಅಂತ ಆಸೆ ಇದ್ದು, ಭಯಕ್ಕೆ ಕೈ ಕಟ್ಟಿ ಕೂತಿರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನಾನು ಮಾಡಿ ನೋಡಿದ ಕ್ರಮದಲ್ಲೇ ಹೇಳುತ್ತೇನೆ.

ಮೊದಲು, ಈ ಅಳುಕು ಎಲ್ಲಿಂದ ಬಂತು ಅಂತ ನೋಡಿ

"ನನ್ನ ಸ್ವಭಾವವೇ ಹೀಗೆ, ನನಗೆ ಧೈರ್ಯ ಇಲ್ಲ" ಅಂತ ನಾನು ತುಂಬಾ ದಿನ ಅಂದುಕೊಂಡಿದ್ದೆ. ಆಮೇಲೆ ನಮ್ಮ ಮಾವ ಹಳೆಯ ಕಾಲದ ಕಥೆ ಹೇಳುವಾಗ ಬೇರೆ ವಿಷಯ ಹೊಳೆಯಿತು. ಅವರ ಕಾಲದಲ್ಲಿ ಕಾಫಿಯನ್ನು ಬೇಕಾದವರಿಗೆ ಮಾರುವ ಹಾಗಿರಲಿಲ್ಲ. ಬೆಳೆದದ್ದನ್ನು ಸರ್ಕಾರದ ಕಾಫಿ ಬೋರ್ಡಿನ ಪೂಲಿಗೆ, ಅಂದರೆ ಎಲ್ಲರ ಕಾಫಿಯನ್ನೂ ಸೇರಿಸುವ ದಾಸ್ತಾನಿಗೆ ಕೊಡಬೇಕಿತ್ತು. ಬೋರ್ಡು ಮಾರುತ್ತಿತ್ತು, ದುಡ್ಡು ಕಂತಿನಲ್ಲಿ ಬರುತ್ತಿತ್ತು. 1992ರಿಂದ ಆ ಕಟ್ಟು ಸ್ವಲ್ಪ ಸ್ವಲ್ಪವೇ ಸಡಿಲವಾಗಿ, 1996ರಲ್ಲಿ ಪೂರ್ತಿ ಬಿಟ್ಟುಹೋಯಿತು. ಅಷ್ಟು ವರ್ಷ ನಮ್ಮ ಮನೆಗಳಲ್ಲಿ ಯಾರೂ ತಮ್ಮ ಕಾಫಿಗೆ ತಾವೇ ಬೆಲೆ ಹೇಳಿಲ್ಲ. ಆಮೇಲೂ ಏನಾಯಿತು? ವ್ಯಾಪಾರಿಗೆ ಫೋನ್ ಮಾಡಿ, "ಇವತ್ತಿನ ರೇಟ್ ಎಷ್ಟಣ್ಣ?" ಅಂತ ಕೇಳಿದೆವು. ಬೆಲೆ ಕೇಳುವ ಅಭ್ಯಾಸ ನಮಗೆ ಚೆನ್ನಾಗಿದೆ, ಹೇಳುವ ಅಭ್ಯಾಸ ಇಲ್ಲ. ಅಭ್ಯಾಸ ಇಲ್ಲದ ಕೆಲಸಕ್ಕೆ ಕೈ ನಡುಗುತ್ತದೆ, ಅಲ್ವಾ? ಹೊಸದಾಗಿ ಚಿಗುರು ತೆಗೆಯಲು ಕಲಿಯುವವರ ಕೈಯೂ ನಡುಗುತ್ತದೆ.

ಇನ್ನೊಂದು ಮೂಲ ನಮ್ಮೂರಿನ ಸಣ್ಣತನ. ಸಣ್ಣತನ ಅಂದರೆ ಗಾತ್ರದ ಸಣ್ಣತನ. ಮಡಿಕೇರಿ ಬಸ್‌ಸ್ಟ್ಯಾಂಡಿನಲ್ಲಿ ಹತ್ತು ನಿಮಿಷ ನಿಂತರೆ ಮೂರು ಜನ ಪರಿಚಯದವರು ಸಿಗುತ್ತಾರೆ. ಬೆಂಗಳೂರಿನಲ್ಲಿ ಅಂಗಡಿ ಮುಚ್ಚಿದರೆ ಯಾರಿಗೂ ಗೊತ್ತಾಗುವುದಿಲ್ಲ. ಇಲ್ಲಿ ಮುಂದಿನ ಮದುವೆ ಊಟದಲ್ಲಿ ಕೇಳುತ್ತಾರೆ. ನನ್ನ ಚಿಕ್ಕಪ್ಪನೇ, "ತೋಟದ ಮನೆಯವರು ಸಂತೆಯಲ್ಲಿ ಪೊಟ್ಟಣ ಮಾರೋದಾ?" ಅಂದಿದ್ದರು. ಪ್ರೀತಿಯಿಂದಲೇ ಅಂದರು. ಆದರೂ ಒಂದು ವಾರ ನಿದ್ದೆ ಬರಲಿಲ್ಲ.

ಹಾಗಾಗಿ ಮೊದಲ ಕೆಲಸ: ಒಂದು ನೋಟ್‌ಬುಕ್ ತೆಗೆದುಕೊಳ್ಳಿ. ಒಂದು ವಾರ, ಭಯ ಬಂದಾಗೆಲ್ಲ ಅದನ್ನು ಒಂದೇ ಸಾಲಿನಲ್ಲಿ ಬರೆಯಿರಿ. ಪಕ್ಕದಲ್ಲಿ ಗುರುತು ಹಾಕಿ: ಇದು ದುಡ್ಡಿನ ಭಯವಾ, ಜನರ ಭಯವಾ, ನನ್ನ ಕೈಲಾಗುತ್ತಾ ಅನ್ನುವ ಭಯವಾ? ನನ್ನ ಪುಸ್ತಕದಲ್ಲಿ 19 ಸಾಲು ಆಗಿತ್ತು. 11 ಜನರದ್ದು, 5 ಕೈಲಾಗುತ್ತಾ ಅನ್ನುವುದು. ದುಡ್ಡಿನದ್ದು ಬರೀ 3. ನಾನು ಅಲ್ಲಿಯವರೆಗೆ ಎಲ್ಲರಿಗೂ, "ಬಂಡವಾಳ ಇಲ್ಲ, ಅದಕ್ಕೇ ಶುರು ಮಾಡಿಲ್ಲ" ಅಂತ ಹೇಳುತ್ತಿದ್ದೆ!

ಮೂರಕ್ಕೂ ಮದ್ದು ಬೇರೆ ಬೇರೆ. ದುಡ್ಡಿನ ಭಯಕ್ಕೆ ಲೆಕ್ಕ ಬೇಕು. ಕೈಲಾಗದ ಭಯಕ್ಕೆ ಕಲಿಕೆ ಬೇಕು. ಜನರ ಭಯಕ್ಕೆ ಬೇರೆ ದಾರಿ ಇಲ್ಲ, ಜನರ ಮುಂದೆಯೇ ಸಣ್ಣದಾಗಿ ಮಾಡಿ ತೋರಿಸಬೇಕು.

ಏನು ಮಾಡಲ್ಲ ಅಂತ ಬರೆಯಿರಿ, ಪಕ್ಕದಲ್ಲಿ ರೂಪಾಯಿ ಹಾಕಿ

"ಗುಣಮಟ್ಟವೇ ನಮ್ಮ ಧ್ಯೇಯ" ಅಂತ ಬರೆಯಬೇಡಿ. ಅದರಿಂದ ಯಾರಿಗೂ ಉಪಯೋಗ ಇಲ್ಲ. ಏನು ಮಾಡಲ್ಲ ಅಂತ ಬರೆಯಿರಿ. ಮೂರೇ ಸಾಲು ಸಾಕು. ನನ್ನವು ಇವು:

ಚಿಕೋರಿ ಹಾಕಿದರೆ ಎಷ್ಟು ಅಂತ ಪ್ಯಾಕೆಟ್ ಮೇಲೆ ಹಾಕದೆ ಮಾರಲ್ಲ. ಕೆಲಸದವರ ಬಟವಾಡೆ ಆಗದೆ ನನ್ನ ಲಾಭ ತೆಗೆಯಲ್ಲ. ಬೇರೆ ಕಡೆಯ ಮಾಲಿಗೆ ಕೊಡಗಿನ ಹೆಸರು ಹಾಕಲ್ಲ.

ಚಿಕೋರಿ ತಪ್ಪು ಅಂತ ನಾನು ಹೇಳುತ್ತಿಲ್ಲ. ತುಂಬಾ ಜನರಿಗೆ ಆ ರುಚಿಯೇ ಇಷ್ಟ. ಕಾನೂನಿನಲ್ಲೂ ಮಿಶ್ರಣಕ್ಕೆ ಅವಕಾಶ ಇದೆ. ಕಾಫಿ ಕಡಿಮೆ ಅಂದರೂ ನೂರಕ್ಕೆ 51 ಭಾಗ ಇರಬೇಕು, ಎರಡರ ಪ್ರಮಾಣವನ್ನೂ ಲೇಬಲ್ ಮೇಲೆ ಹಾಕಬೇಕು. ಮುಚ್ಚಿಡುವುದು ಮಾತ್ರ ತಪ್ಪು.

ಮೂರನೆಯ ಸಾಲಿನ ಬಗ್ಗೆ ನನಗೆ ಸಂಕಟ ಇದೆ. 1990ರ ದಶಕದ ಶುರುವಿನಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಅನ್ನುವ ರೋಗ ಬಂದು ನಮ್ಮ ತುಡುವೆ ಜೇನಿನ ಕುಟುಂಬಗಳು ಸಾಲುಸಾಲಾಗಿ ಸತ್ತವು. ಜೇನು ಕಡಿಮೆಯಾಯಿತು, ಆದರೆ "ಕೊಡಗಿನ ಜೇನು" ಅನ್ನುವ ಹೆಸರಿಗೆ ಬೇಡಿಕೆ ಕಡಿಮೆಯಾಗಲಿಲ್ಲ. ಈಗ ರಸ್ತೆ ಬದಿಯಲ್ಲಿ ಬಾಟಲಿ ಹಿಡಿದ ಪ್ರವಾಸಿ ಮೊದಲು ಕೇಳುವುದು, "ಒರಿಜಿನಲ್ಲಾ?" ಅಂತ. ನಿಯತ್ತಾಗಿ ಪೆಟ್ಟಿಗೆ ಇಟ್ಟು ಜೇನು ತೆಗೆಯುವವರೂ ಆ ಪ್ರಶ್ನೆಗೆ ತಲೆ ತಗ್ಗಿಸಬೇಕಾಗಿದೆ. ಕೊಡಗಿನ ಅರೇಬಿಕಾ ಕಾಫಿಗೆ 2019ರಲ್ಲಿ ಭೌಗೋಳಿಕ ಗುರುತು (ಜಿಐ, ಆ ಜಾಗದ ಮಾಲಿಗೆ ಮಾತ್ರ ಆ ಹೆಸರು ಅನ್ನುವ ಗುರುತು) ಸಿಕ್ಕಿತು, ಕಿತ್ತಳೆಗೆ ಅದಕ್ಕೂ ಮೊದಲೇ ಸಿಕ್ಕಿದೆ. ಆ ಗುರುತಿನ ಬೆಲೆ ಉಳಿಯುವುದು ನಮ್ಮಂಥ ಸಣ್ಣವರ ಕೈಯಲ್ಲಿ.

ಈಗ ಪ್ರತಿ ಸಾಲಿನ ಪಕ್ಕ ರೂಪಾಯಿ ಹಾಕಿ. ಚಿಕೋರಿ ಇಲ್ಲದಿದ್ದರೆ ಕಿಲೋಗೆ ನನ್ನ ಖರ್ಚು ಎಷ್ಟು ಜಾಸ್ತಿ? ಹಣ್ಣು ಮಾತ್ರ ಕೊಯ್ದರೆ ಕೂಲಿ ಎಷ್ಟು ಜಾಸ್ತಿ? ಈ ಅಂಕಿ ಗೊತ್ತಿಲ್ಲದಿದ್ದರೆ, ಕಷ್ಟದ ದಿನ ಬಂದಾಗ ಆ ಸಾಲು ನಿಲ್ಲುವುದಿಲ್ಲ. ಗೊತ್ತಿದ್ದರೆ ಅದು ಮೊದಲೇ ಬೆಲೆಯೊಳಗೆ ಸೇರಿರುತ್ತದೆ.

ಎಷ್ಟು ಹೋದರೂ ಪರವಾಗಿಲ್ಲ ಅನ್ನುವ ಮೊತ್ತ

ಮನೆಯವರ ಜೊತೆ ಕೂತು ಒಂದು ಅಂಕಿ ಗೊತ್ತು ಮಾಡಿ. ಪೂರ್ತಿ ಮುಳುಗಿದರೂ ಮಕ್ಕಳ ಫೀಸು, ಬೆಳೆಸಾಲದ ಕಂತು, ಔಷಧಿ ಖರ್ಚು ಮುಟ್ಟಬಾರದು. ನಮ್ಮದು 30,000 ರೂಪಾಯಿ ಅಂತ ಆಯಿತು. ಅತ್ತೆ ಬಳೆ ಕೊಡುತ್ತೇನೆ ಅಂದರು, ಬೇಡ ಅಂದೆ. ಬಂಗಾರ ಇಟ್ಟು ಶುರು ಮಾಡಿದರೆ ಮೊದಲ ತಿಂಗಳಿಂದಲೇ ಬಡ್ಡಿಯ ಹೆದರಿಕೆ. ಹೆದರಿದವರು ಒಳ್ಳೆಯ ತೀರ್ಮಾನ ತೆಗೆದುಕೊಳ್ಳುವುದು ಕಷ್ಟ.

ಆಮೇಲೆ ಒಂದೇ ಒಂದು ಮೂಟೆಯ ಲೆಕ್ಕ ಹಾಕಿ. ರೊಬಸ್ಟಾ ತಳಿಯ ಚೆರ್ರಿ, ಅಂದರೆ ಸಿಪ್ಪೆ ಸಮೇತ ಒಣಗಿಸಿದ ಹಣ್ಣು 50 ಕಿಲೋ ಇದ್ದರೆ, ಮಿಲ್ಲಿನಲ್ಲಿ ಸಿಪ್ಪೆ ಬಿಡಿಸಿದ ಮೇಲೆ ಸುಮಾರು 26 ಕಿಲೋ ಬೇಳೆ ಸಿಗುತ್ತದೆ. ಹುರಿದಾಗ ನೂರಕ್ಕೆ 15ರಿಂದ 20ರಷ್ಟು ತೂಕ ಹೋಗುತ್ತದೆ. ಕೊನೆಗೆ ಕೈಗೆ ಬರುವುದು ಸುಮಾರು 21 ಕಿಲೋ ಪುಡಿ. ಮೂಟೆಗೆ 10,000 ರೂಪಾಯಿ ದರ ಇದೆ ಅಂತ ಇಟ್ಟುಕೊಳ್ಳಿ. ಆಗ ಒಂದು ಕಿಲೋ ಪುಡಿಯಲ್ಲಿ ಬರೀ ಕಾಫಿಯದ್ದೇ ಸುಮಾರು 475 ರೂಪಾಯಿ ಆಯಿತು. ಅದರ ಮೇಲೆ ಮಿಲ್ಲು, ಹುರಿಯುವ ಕೂಲಿ, ಕವರ್, ಲೇಬಲ್, ಬಸ್ ಚಾರ್ಜು, ನಿಮ್ಮ ದುಡಿಮೆ.

ಇಲ್ಲಿ ನಮ್ಮವರು ಮಾಡುವ ದೊಡ್ಡ ತಪ್ಪು ಒಂದಿದೆ. "ಕಾಫಿ ನಮ್ಮ ತೋಟದ್ದೇ ಅಲ್ವಾ" ಅಂತ ಅದಕ್ಕೆ ಬೆಲೆಯೇ ಹಾಕುವುದಿಲ್ಲ. ಹಾಗೇ ತೋಟದ ಗೇಟಿನಲ್ಲೇ ವ್ಯಾಪಾರಿಗೆ ಮಾರಿದ್ದರೆ ಬರುತ್ತಿದ್ದ ದುಡ್ಡನ್ನು ಖರ್ಚು ಅಂತ ಬರೆಯಲೇಬೇಕು. ಇಲ್ಲದಿದ್ದರೆ ಲಾಭ ಅಂದುಕೊಂಡದ್ದು ನಿಜವಾಗಿ ನಷ್ಟ ಆಗಿರುತ್ತದೆ. 2024ರಲ್ಲಿ ಕಾಫಿ ದರ ಹಿಂದೆಂದೂ ಕಾಣದಷ್ಟು ಏರಿದಾಗ ಈ ಲೆಕ್ಕ ನನ್ನನ್ನು ಉಳಿಸಿತು. ದರ ಏರಿದೆ, ಅದಕ್ಕೆ ಪುಡಿಗೂ ಏರಿಸುತ್ತಿದ್ದೇನೆ ಅಂತ ಖಾಯಂ ಗಿರಾಕಿಗಳಿಗೆ ಮೊದಲೇ ಹೇಳಿದೆ. ಕೆಲವರು ಬಿಟ್ಟರು. ಹೆಚ್ಚಿನವರು ಕಾಲು ಕಿಲೋ ಕಡಿಮೆ ತೆಗೆದುಕೊಂಡು ಉಳಿದರು.

ಯಂತ್ರ ಕೊಳ್ಳಬೇಡಿ, ಕಡೇ ಪಕ್ಷ ಮೊದಲ ವರ್ಷ. ಕಾಫಿ ವರ್ಕ್ಸ್‌ಗಳಲ್ಲಿ ಕೂಲಿಗೆ ಹುರಿದು ಪುಡಿ ಮಾಡಿಕೊಡುವವರನ್ನು ವಿಚಾರಿಸಿ. ಪಕ್ಕದಲ್ಲೇ ನಿಂತು ನೋಡಿ. ಆಹಾರ ಸಂಸ್ಕರಣೆ ಮಾಡುವ ಸಣ್ಣವರಿಗೆ ಪಿಎಂಎಫ್‌ಎಂಇ ಯೋಜನೆಯಲ್ಲಿ ಕೇಂದ್ರದಿಂದ ಯೋಜನಾ ವೆಚ್ಚದ ನೂರಕ್ಕೆ 35ರಷ್ಟು, ಗರಿಷ್ಠ 10 ಲಕ್ಷದವರೆಗೆ ಸಹಾಯಧನ ಇಟ್ಟಿದ್ದರು. ಒಳ್ಳೆಯ ಯೋಜನೆ, ಈಗಲೂ ಇದೆಯಾ ಅಂತ ವಿಚಾರಿಸಿ. ಆದರೆ ಉಳಿದದ್ದರಲ್ಲಿ ಹೆಚ್ಚಿನ ಪಾಲು ಸಾಲ ಅನ್ನುವುದನ್ನು ಮರೆಯಬೇಡಿ. ಗಿರಾಕಿ ಸಿಕ್ಕ ಮೇಲೆ ಯಂತ್ರ ತೆಗೆದುಕೊಂಡರೆ ಭಯ ಅರ್ಧ ಇರುತ್ತದೆ.

ಬೆಲೆ ಹೇಳಿ, ಆಮೇಲೆ ಸುಮ್ನೆ ಇರಿ

ಇದನ್ನು ನಾನು ಕನ್ನಡಿ ಮುಂದೆ ನಿಂತು ಕಲಿತೆ. ಹೇಳಲು ನಾಚಿಕೆ ಇಲ್ಲ.

ಬೆಲೆಯನ್ನು ಒಂದೇ ವಾಕ್ಯದಲ್ಲಿ ಹೇಳಿ. ನನ್ನ 2019ರ ಬೆಲೆಯಲ್ಲಿ ಹೇಳುವುದಾದರೆ: "ಕಾಲು ಕಿಲೋ 130 ರೂಪಾಯಿ." ಅಲ್ಲಿಗೆ ನಿಲ್ಲಿಸಿ. "ಸ್ವಲ್ಪ ಜಾಸ್ತಿ ಅನಿಸಬಹುದು, ಆದರೆ..." ಅಂತ ಮುಂದುವರಿಸಬೇಡಿ. ಆ "ಆದರೆ"ಯಲ್ಲಿ ಅಳುಕು ಎದುರಿನವರಿಗೆ ಕೇಳಿಸುತ್ತದೆ. ಮನಸ್ಸಿನಲ್ಲಿ ಐದು ಎಣಿಸಿ. ಆ ಐದು ಎಣಿಕೆ ನನಗೆ ಮೊದಲ ಸಲ ಒಂದು ಗಂಟೆಯ ಹಾಗೆ ಅನಿಸಿತ್ತು. ಎದುರಿನವರು ಯಾಕೆ ಇಷ್ಟು ಅಂತ ಕೇಳಿದರೆ, ಕಾರಣ ಹೇಳಿ: ಹಣ್ಣು ಮಾತ್ರ ಕೊಯ್ದದ್ದು, ಚಿಕೋರಿ ಇಲ್ಲ, ಹುರಿದು ನಾಲ್ಕು ದಿನ ಆಗಿದೆ. ಕೇಳದಿದ್ದರೆ ಹೇಳುವ ಅಗತ್ಯವೂ ಇಲ್ಲ.

ಮೊದಲ ಹತ್ತು ಗಿರಾಕಿಗಳು ನೆಂಟರಾಗಿರಬಾರದು. ನೆಂಟರು ಮುಖ ನೋಡಿ ಕೊಳ್ಳುತ್ತಾರೆ, ಮುಖ ನೋಡಿ ಹೊಗಳುತ್ತಾರೆ. ಅದರಿಂದ ನಿಮ್ಮ ಮೇಲೆ ನಿಮಗೆ ನಂಬಿಕೆ ಬರುವುದಿಲ್ಲ. ಶುಕ್ರವಾರದ ಮಡಿಕೇರಿ ಸಂತೆ ಆಗಬಹುದು, ಕುಶಾಲನಗರದ ಯಾವುದಾದರೂ ಅಂಗಡಿ ಆಗಬಹುದು, ನಿಮ್ಮನ್ನು ಗೊತ್ತಿಲ್ಲದವರ ಮುಂದೆ ಇಡಿ. ಹದಿನೈದು ದಿನ ಬಿಟ್ಟು ಫೋನ್ ಮಾಡಿ ಒಂದೇ ಪ್ರಶ್ನೆ ಕೇಳಿ: "ಮುಗಿಯಿತಾ? ಇನ್ನೊಂದು ಬೇಕಾ?" "ಚೆನ್ನಾಗಿತ್ತಾ?" ಅಂತ ಕೇಳಿದರೆ ಎಲ್ಲರೂ ಚೆನ್ನಾಗಿತ್ತು ಅಂತಲೇ ಹೇಳುತ್ತಾರೆ. ಇನ್ನೊಂದು ಪ್ಯಾಕೆಟ್ ಕೊಂಡವರ ಸಂಖ್ಯೆ ನಿಜ ಹೇಳುತ್ತದೆ. ನನ್ನ ಮೊದಲ ಹತ್ತರಲ್ಲಿ ನಾಲ್ಕು ಜನ ಮತ್ತೆ ಕೊಂಡರು. ಆ ನಾಲ್ಕು ಹೆಸರನ್ನು ನೋಟ್‌ಬುಕ್ಕಿನಲ್ಲಿ ಬರೆದಿಟ್ಟೆ. ಅಳುಕು ಬಂದಾಗ ಆ ಪುಟ ತೆಗೆಯುತ್ತಿದ್ದೆ.

ಕಾಗದಪತ್ರ

ಇದು ಅಂದುಕೊಂಡಷ್ಟು ಕಷ್ಟ ಇಲ್ಲ, ಬೇಗ ಮುಗಿಸಿ. ಆಹಾರ ಮಾರುವವರಿಗೆ ಬೇಕಾದ ಎಫ್‌ಎಸ್‌ಎಸ್‌ಎಐ ನೋಂದಣಿಯನ್ನು ನಾನು ಮಾಡಿಸಿದಾಗ ವರ್ಷಕ್ಕೆ 12 ಲಕ್ಷದೊಳಗಿನ ವಹಿವಾಟಿಗೆ ಶುಲ್ಕ 100 ರೂಪಾಯಿ ಇತ್ತು, ಆನ್‌ಲೈನಿನಲ್ಲೇ ಆಯಿತು. ಸಣ್ಣ ಉದ್ಯಮಗಳಿಗಿರುವ ಉದ್ಯಮ್ ನೋಂದಣಿಗೆ ದುಡ್ಡೇ ಇಲ್ಲ. ಯಾರಾದರೂ ಕೇಳಿದರೆ ಕೊಡಬೇಡಿ. ಲೇಬಲ್ ಮೇಲೆ ತೂಕ, ಪ್ಯಾಕ್ ಮಾಡಿದ ದಿನ, ಗರಿಷ್ಠ ಬೆಲೆ, ವಿಳಾಸ, ನೋಂದಣಿ ಸಂಖ್ಯೆ, ದೂರಿಗೆ ಫೋನ್ ನಂಬರ್ ಇರಲಿ. ರಾಜ್ಯದ ಹೊರಗೆ ಕಳಿಸುವ ಮೊದಲು ಜಿಎಸ್‌ಟಿ ಬಗ್ಗೆ ತಿಳಿದವರನ್ನು ಕೇಳಿ. ಹುರಿಯುವುದನ್ನು ಸರಿಯಾಗಿ ಕಲಿಯಬೇಕು ಅನ್ನುವವರಿಗೆ ಕಾಫಿ ಬೋರ್ಡಿನ ಕಾಪಿ ಶಾಸ್ತ್ರ ತರಬೇತಿ ಇದೆ.

ತಪ್ಪಾದ ದಿನ

ತಪ್ಪು ಆಗುತ್ತದೆ. ನನ್ನದು ಮೊದಲ ಮಳೆಗಾಲದಲ್ಲೇ ಆಯಿತು. ದುಡ್ಡು ಉಳಿಸಲು ತೆಳು ಕವರ್ ತಂದಿದ್ದೆ. ಜುಲೈ ತೇವಕ್ಕೆ ಪುಡಿ ಗಂಟು ಕಟ್ಟಿತು, ಪರಿಮಳ ಹೋಯಿತು. ಮೈಸೂರಿನ ಒಬ್ಬರು ಫೋಟೋ ಕಳಿಸಿ, "ಇದನ್ನು ಕಾಫಿ ಅಂತಾರಾ?" ಅಂತ ಬರೆದರು. ಕೈ ತಣ್ಣಗಾಯಿತು. ಫೋನ್ ಮಗುಚಿ ಇಟ್ಟೆ. ಎಲ್ಲಾ ನಿಲ್ಲಿಸಿಬಿಡೋಣ ಅನಿಸಿತು.

ಆಗ ನಾನು ಮಾಡಿದ್ದನ್ನು ಈಗಲೂ ಎಲ್ಲರಿಗೂ ಹೇಳುತ್ತೇನೆ. ಅವತ್ತೇ ಫೋನ್ ಮಾಡಿ, ಮೆಸೇಜ್ ಬೇಡ. ತಪ್ಪು ನಮ್ಮದು ಅಂತ ಮೊದಲ ಮಾತಿನಲ್ಲೇ ಹೇಳಿ. ದುಡ್ಡು ವಾಪಸ್ ಹಾಕಿ, ಅವರು ಕೇಳುವ ತನಕ ಕಾಯಬೇಡಿ. ಆಮೇಲೆ, ಆ ಕೆಟ್ಟ ಪ್ಯಾಕೆಟ್ಟಿನ ಜೊತೆಗೇ ಹುರಿದು ಪ್ಯಾಕ್ ಮಾಡಿದ ಪುಡಿ ಕೊಂಡ ಉಳಿದವರಿಗೂ ನೀವೇ ಫೋನ್ ಮಾಡಿ. ಈ ಕೊನೆಯದ್ದೇ ಕಷ್ಟ. ಯಾರೂ ದೂರಿಲ್ಲದಿರುವಾಗ ನಾವೇ ಯಾಕೆ ಹೇಳಬೇಕು ಅನಿಸುತ್ತದೆ. ನಾನು ಏಳು ಜನರಿಗೆ ಫೋನ್ ಮಾಡಿದೆ. ನನಗೆ 1,800 ರೂಪಾಯಿ ಹೋಯಿತು. ಫೋಟೋ ಕಳಿಸಿದ ಮೈಸೂರಿನವರು ಮತ್ತೆ ಕೊಳ್ಳಲಿಲ್ಲ. ಉಳಿದ ಏಳರಲ್ಲಿ ಐದು ಜನ ಇವತ್ತಿಗೂ ಕೊಳ್ಳುತ್ತಾರೆ.

ಒತ್ತಡ ಬರುವ ಮೊದಲೇ ಉತ್ತರ ಬರೆದಿಡಿ

ಎರಡನೇ ವರ್ಷ ಒಂದು ಹೋಟೆಲಿನಿಂದ ತಿಂಗಳಿಗೆ 40 ಕಿಲೋ ಬೇಕು ಅಂತ ಕರೆ ಬಂತು. ನನ್ನ ಆಗಿನ ಮಾರಾಟದ ಮೂರು ಪಟ್ಟು. ಅವರ ಬೇಡಿಕೆ ಸರಳವಾಗಿತ್ತು: ಅರ್ಧ ಚಿಕೋರಿ ಹಾಕಿ, ಪ್ಯಾಕೆಟ್ ಮೇಲೆ "ಅಪ್ಪಟ ಕೊಡಗು ಕಾಫಿ" ಅಂತ ಇರಲಿ, ಪ್ರವಾಸಿಗರಿಗೆ ಕೌಂಟರಿನಲ್ಲಿ ಮಾರುತ್ತೇವೆ. "ಎಲ್ಲರೂ ಮಾಡೋದೇ ಮೇಡಂ."

ಅವತ್ತು ರಾತ್ರಿ ಲೆಕ್ಕ ಹಾಕಿದೆ. ಆ ದುಡ್ಡಿನಲ್ಲಿ ಕಣದ ಒಂದು ಭಾಗ ಸಿಮೆಂಟ್ ಮಾಡಿಸಬಹುದಿತ್ತು. ತಲೆ ನೂರು ಕಾರಣ ಹುಡುಕಿತು. ಕೊನೆಗೆ ಎದ್ದು ಹೋಗಿ ನೋಟ್‌ಬುಕ್ ತೆಗೆದೆ. ಮೊದಲ ಸಾಲು ಅಲ್ಲೇ ಇತ್ತು, ನನ್ನದೇ ಅಕ್ಷರದಲ್ಲಿ. ಹೊಸದಾಗಿ ಯೋಚಿಸುವುದಕ್ಕೆ ಏನೂ ಇರಲಿಲ್ಲ. ಬೆಳಗ್ಗೆ ಫೋನ್ ಮಾಡಿ, "ಅರ್ಧ ಚಿಕೋರಿ ಕೊಡೋಕೆ ಆಗಲ್ಲ, ಕಾಫಿ 51 ಭಾಗ ಇರಲೇಬೇಕು. 60-40 ಕೊಡ್ತೀನಿ, ಆದರೆ ಹಾಗಂತ ಪ್ಯಾಕೆಟ್ ಮೇಲೆ ಹಾಕ್ತೀನಿ" ಅಂದೆ. ಅವರು ಬೇಡ ಅಂದರು. ಎರಡು ದಿನ ಊಟ ರುಚಿಸಲಿಲ್ಲ. ಮೂರನೇ ದಿನದಿಂದ ಸಂತೆಯಲ್ಲಿ ಬೆಲೆ ಹೇಳುವಾಗ ಧ್ವನಿ ಗಟ್ಟಿಯಾಗಿತ್ತು. ಅದು ನಾನು ಪ್ರಯತ್ನಪಟ್ಟು ಮಾಡಿದ್ದಲ್ಲ, ತಾನಾಗಿಯೇ ಬಂದದ್ದು.

ನಿಮ್ಮ ವ್ಯಾಪಾರದಲ್ಲೂ ಇಂಥ ಕರೆ ಬರುತ್ತದೆ. ಹೋಂಸ್ಟೇ ಆದರೆ ನೋಂದಣಿ ಇಲ್ಲದೆ ನಡೆಸು ಅನ್ನುತ್ತಾರೆ, ಮೆಣಸಾದರೆ ಹೊರಗಿನದ್ದು ಬೆರೆಸು ಅನ್ನುತ್ತಾರೆ. ಯಾವ ಮೂರು ಕರೆ ಬರಬಹುದು ಅಂತ ಊಹಿಸಿ, ಉತ್ತರವನ್ನು ಪೂರ್ತಿ ವಾಕ್ಯದಲ್ಲಿ ಈಗಲೇ ಬರೆದಿಡಿ. ಕರೆ ಬಂದಾಗ, "ನಾಳೆ ಹೇಳುತ್ತೇನೆ" ಅನ್ನಿ. ಅಷ್ಟು ಹೇಳುವ ಹಕ್ಕು ನಿಮಗೆ ಯಾವಾಗಲೂ ಇದೆ.

ಯಾರ ಹತ್ತಿರ ಹೇಳಿಕೊಳ್ಳಬೇಕು

ಎಲ್ಲರ ಹತ್ತಿರ ಬೇಡ. ಇಬ್ಬರು ಸಾಕು. ಒಬ್ಬರು ನಿಮ್ಮನ್ನು ಬಲ್ಲವರು, ಇನ್ನೊಬ್ಬರು ವ್ಯಾಪಾರ ಬಲ್ಲವರು. ಬಟವಾಡೆ ಪುಸ್ತಕವನ್ನು ಮಾತ್ರ ಕೆಲಸದವರ ಮುಂದೆ ತೆರೆದಿಡಿ. ನಮ್ಮಲ್ಲಿ ಇಪ್ಪತ್ತು ವರ್ಷದಿಂದ ಕೊಯ್ಲಿಗೆ ಬರುವ ಅಕ್ಕ ಒಬ್ಬರು ಪ್ಯಾಕೆಟ್ ಕೈಯಲ್ಲಿ ಹಿಡಿದು, "ಇದು ನಾವು ಕೊಯ್ದದ್ದಾ?" ಅಂತ ಕೇಳಿದ್ದರು. ಆ ಮಾತು ನನಗೆ ಯಾವ ತರಬೇತಿಗಿಂತ ಜಾಸ್ತಿ ಬಲ ಕೊಟ್ಟಿದೆ.

ಮಳೆಗಾಲದ ಭಯಕ್ಕೆ ಬೇರೆಯೇ ತಯಾರಿ

ಕೊಡಗಿನಲ್ಲಿ ವ್ಯಾಪಾರ ಮಾಡುವವರಿಗೆ ಜೂನ್‌ನಿಂದ ಸೆಪ್ಟೆಂಬರ್ ತನಕ ಒಂದು ಭಾರ ಇರುತ್ತದೆ. ಕರೆಂಟ್ ಇರುವುದಿಲ್ಲ, ರಸ್ತೆಗೆ ಮರ ಬೀಳುತ್ತದೆ, ಪ್ರವಾಸಿಗರು ಕಡಿಮೆ. 2018ರ ಆಗಸ್ಟಿನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡ ಜಾರಿದ್ದನ್ನು ಕಂಡವರಿಗೆ ಜೋರು ಮಳೆಯ ಸದ್ದೇ ಸಾಕು. ಈ ಭಯ ಸುಳ್ಳಲ್ಲ. ಇದನ್ನು ಧೈರ್ಯದ ಮಾತಿನಿಂದ ಓಡಿಸಲು ಹೋಗಬೇಡಿ.

ಕೊಯ್ಲಿನ ತಿಂಗಳಲ್ಲಿ ಬಂದ ದುಡ್ಡಿನಲ್ಲಿ ಮಳೆಗಾಲದ ನಾಲ್ಕು ತಿಂಗಳ ಖರ್ಚನ್ನು ಬೇರೆ ಖಾತೆಯಲ್ಲಿ ಎತ್ತಿಡಿ. ಬೇಳೆಯನ್ನು ನೆಲಕ್ಕೆ ತಾಗದ ಹಾಗೆ ಹಲಗೆ ಮೇಲೆ, ಗೋಡೆಯಿಂದ ದೂರ ಇಡಿ. ಒಟ್ಟಿಗೆ ಹುರಿಯಬೇಡಿ, ಆರ್ಡರ್ ಬಂದಷ್ಟೇ ಹುರಿಸಿ. ಊರಿನ ಹೊರಗಿನ ಖಾಯಂ ಗಿರಾಕಿಗಳಿಗೆ ಮೇ ತಿಂಗಳಲ್ಲೇ ಹೇಳಿ, ಜುಲೈಯಲ್ಲಿ ಅಂಚೆ ನಾಲ್ಕು ದಿನ ತಡವಾಗಬಹುದು ಅಂತ. ದೊಡ್ಡ ತೀರ್ಮಾನ ಯಾವುದನ್ನೂ ಆಗಸ್ಟಿನಲ್ಲಿ ಮಾಡಬೇಡಿ. ನಿಲ್ಲಿಸುವ ತೀರ್ಮಾನವನ್ನಂತೂ ಬೇಡವೇ ಬೇಡ. ನಾನು ಮೂರು ಸಲ ಆಗಸ್ಟಿನಲ್ಲಿ ನಿಲ್ಲಿಸಬೇಕು ಅಂತ ಬರೆದಿದ್ದೇನೆ, ಮೂರು ಸಲವೂ ಅಕ್ಟೋಬರ್ ಮಧ್ಯದ ಕಾವೇರಿ ಸಂಕ್ರಮಣದ ಹೊತ್ತಿಗೆ ಆ ಸಾಲು ನನಗೇ ಬೇರೆಯವರದ್ದು ಅನಿಸಿದೆ.

ಅಕ್ಟೋಬರಿನಲ್ಲಿ ಬಿಸಿಲು ಬಿದ್ದ ಮೇಲೆ ನೋಟ್‌ಬುಕ್ ತೆಗೆಯಿರಿ. ಮೂಟೆಯ ಲೆಕ್ಕವನ್ನು ಆ ದಿನದ ದರಕ್ಕೆ ಮತ್ತೆ ಹಾಕಿ. ಹೊಸ ಬೆಲೆಯನ್ನು ದಪ್ಪ ಅಕ್ಷರದಲ್ಲಿ ಒಂದು ಚೀಟಿಯಲ್ಲಿ ಬರೆದು, ಸಂತೆ ಮೇಜಿನಲ್ಲಿ ನಿಮಗೆ ಕಾಣುವ ಕಡೆ ಅಂಟಿಸಿ. ಗಿರಾಕಿ ಕೇಳಿದಾಗ ಅದನ್ನು ನೋಡಿಕೊಂಡು ಓದಿ ಹೇಳಿ.